ಉಳಿದ ಮೀನು ಯಾರ ಪಾಲು?

ಮಂಗಳೂರು, ಮಲ್ಪೆ ಬಂದರುಗಳಿಂದ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ರಾತ್ರಿಯಿಡೀ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ, ಅಂಜಲ್ ಮೀನುಗಳು ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಅಂಗಡಿಗಳನ್ನೂ ತಲುಪುತ್ತವೆ. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ತಾಜಾ ಇದೆಯೇ? ಕಿಲೋಗೆ ಎಷ್ಟು? ಮೂರನೆಯ ಪ್ರಶ್ನೆಯೊಂದಿದೆ. ಅದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಈ ಮೀನನ್ನು ಹಿಡಿಯುವ ಹಕ್ಕು ಯಾರದು? ಆ ಹಕ್ಕನ್ನು ಯಾರು, ಯಾರಿಗೆ, ಯಾವ ಷರತ್ತಿನ ಮೇಲೆ ಕೊಟ್ಟರು?

ಜಗತ್ತಿನ ಹಲವು ಕಡಲತೀರದ ದೇಶಗಳಿಗೆ ಇದು ಅನ್ನದ ಪ್ರಶ್ನೆ. ಅವುಗಳ ಬಳಿ ಮೀನಿದೆ, ದೊಡ್ಡ ಹಡಗುಗಳಿಲ್ಲ. ಯುರೋಪಿನಂಥ ಶ್ರೀಮಂತ ಪ್ರದೇಶಗಳ ಬಳಿ ಹಡಗುಗಳಿವೆ, ಅವುಗಳಿಗೆ ಸಾಕಾಗುವಷ್ಟು ಮೀನು ತಮ್ಮ ಕಡಲಿನಲ್ಲಿಲ್ಲ. ಹಾಗಾಗಿ ಹಣ ಕೊಟ್ಟು ಬೇರೆಯವರ ಕಡಲಿಗೆ ಬಲೆ ಬೀಸುವ ಒಪ್ಪಂದಗಳು ಹುಟ್ಟಿಕೊಂಡವು. ಇಂಥ ವ್ಯವಹಾರ ಭಾರತದ ಬಾಗಿಲಿಗೂ ಬಂದಿತ್ತು. 1990ರ ದಶಕದಲ್ಲಿ ದೇಶದ ಮೀನುಗಾರರು ದೋಣಿಗಳನ್ನು ದಡಕ್ಕೆಳೆದು ಅದನ್ನು ಎದುರಿಸಿದರು. ಆ ಹೋರಾಟದ ನಡುವೆ ನಿಂತಿದ್ದ ಪದ ಒಂದೇ: ‘ಹೆಚ್ಚುವರಿ’. ಕಡಲಿನಲ್ಲಿ ಹೆಚ್ಚುವರಿ ಮೀನು ಇದೆಯೆಂದು ಹೇಳುವವರು ಯಾರು, ಅದನ್ನು ಎಣಿಸಿದವರು ಯಾರು ಎಂಬುದು ಇತ್ಯರ್ಥವಾಗದೆ ಯಾವ ಒಪ್ಪಂದವೂ ನ್ಯಾಯವಾಗಲಾರದು.

ಕೆರೆಯ ಗುತ್ತಿಗೆ, ಕಡಲಿನ ಗುತ್ತಿಗೆ

ಸಮುದ್ರ ಕಾಣದ ಒಳನಾಡಿನವರಿಗೂ ಇದರ ಮೂಲ ತತ್ವ ಹೊಸದಲ್ಲ. ಊರ ಕೆರೆಯ ಮೀನು ಹಿಡಿಯುವ ಹಕ್ಕನ್ನು ಇಂತಿಷ್ಟು ವರ್ಷಕ್ಕೆಂದು ಗುತ್ತಿಗೆ ಕೊಡುವ ಪದ್ಧತಿ ಕರ್ನಾಟಕದಲ್ಲಿ ಹಳೆಯದು. ಗುತ್ತಿಗೆ ಹಿಡಿದವರು ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ಬಿಡುತ್ತಾರೆ, ಕಾಯುತ್ತಾರೆ, ಬೆಳೆದ ಮೇಲೆ ಹಿಡಿದು ಮಾರುತ್ತಾರೆ. ಎಷ್ಟು ಮರಿ ಬಿಟ್ಟರೆಂಬ ಲೆಕ್ಕವಿರುತ್ತದೆ. ಕೆರೆಗೆ ಏರಿ ಇದೆ, ಕೋಡಿ ಇದೆ. ಮೀನು ಪಕ್ಕದ ಊರಿನ ಕೆರೆಗೆ ನಡೆದು ಹೋಗುವುದಿಲ್ಲ.

ಕಡಲಿನಲ್ಲಿ ಈ ಯಾವ ಅನುಕೂಲವೂ ಇಲ್ಲ. ಅಲ್ಲಿ ಮರಿ ಬಿಟ್ಟವರಿಲ್ಲ, ಏರಿ ಕಟ್ಟಿದವರಿಲ್ಲ. ಬೂತಾಯಿಯ ಹಿಂಡು ಇಂದು ಕೇರಳದ ತೀರದಲ್ಲಿದ್ದರೆ ನಾಳೆ ಕರ್ನಾಟಕದ ತೀರದಲ್ಲಿರಬಹುದು. ಟ್ಯೂನಾ ಮೀನು ಒಂದು ದೇಶದ ಗಡಿ ದಾಟಿ ಇನ್ನೊಂದು ದೇಶದ ಗಡಿಯೊಳಕ್ಕೆ ಸಾವಿರಾರು ಕಿಲೋಮೀಟರ್ ಈಜುತ್ತದೆ. ಒಂದು ವರ್ಷ ಮೀನಿನ ಸುಗ್ಗಿಯಾದರೆ ಇನ್ನೊಂದು ವರ್ಷ ಮತ್ಸ್ಯಕ್ಷಾಮ. ಇಷ್ಟಾಗಿಯೂ ಕೆರೆಯನ್ನು ಗುತ್ತಿಗೆ ಕೊಟ್ಟಂತೆ ಕಡಲನ್ನೂ ಗುತ್ತಿಗೆ ಕೊಡುತ್ತಾರೆ. ತೊಡಕು ಆರಂಭವಾಗುವುದು ಅಲ್ಲಿಂದ.

ಇನ್ನೂರು ಮೈಲಿಯ ಗೆರೆ

ಮೊದಲು ದಡದಿಂದ ಸ್ವಲ್ಪ ದೂರದವರೆಗಿನ ನೀರು ಮಾತ್ರ ಆಯಾ ದೇಶದ್ದಾಗಿತ್ತು. ಅದರಾಚೆ ಯಾರು ಬೇಕಾದರೂ ಮೀನು ಹಿಡಿಯಬಹುದಿತ್ತು. ಶಕ್ತಿ ಇದ್ದವನದೇ ಬಲೆ. ಇದನ್ನು ಬದಲಿಸಿದ್ದು 1982ರಲ್ಲಿ ಅಂಗೀಕಾರವಾದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ. ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಕಡಲು ಆಯಾ ದೇಶದ ‘ವಿಶೇಷ ಆರ್ಥಿಕ ವಲಯ’ ಎಂದು ಅದು ಒಪ್ಪಿತು. ಆ ವಲಯದ ಮೀನು, ಖನಿಜ, ತೈಲಗಳ ಮೇಲೆ ಆ ದೇಶಕ್ಕೆ ಹಕ್ಕು. ಭಾರತ ಅದಕ್ಕೂ ಮೊದಲೇ, 1976ರಲ್ಲಿ, ಕಾಯ್ದೆ ಮಾಡಿ ಈ ವಲಯವನ್ನು ಘೋಷಿಸಿಕೊಂಡಿತ್ತು. ಅದರ ವಿಸ್ತಾರ ಸುಮಾರು 20 ಲಕ್ಷ ಚದರ ಕಿಲೋಮೀಟರ್. ಒಡಂಬಡಿಕೆ 1994ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಭಾರತ 1995ರಲ್ಲಿ ಅದನ್ನು ಸ್ಥಿರೀಕರಿಸಿತು.

ದೇಶದೊಳಗೂ ಒಂದು ಗೆರೆಯಿದೆ. ದಡದಿಂದ 12 ನಾಟಿಕಲ್ ಮೈಲಿವರೆಗಿನ ಮೀನುಗಾರಿಕೆ ರಾಜ್ಯ ಸರ್ಕಾರದ ಅಧಿಕಾರಕ್ಕೆ ಸೇರಿದ್ದು. ಅದರಾಚೆಯದು ಕೇಂದ್ರದ್ದು.

ಒಡಂಬಡಿಕೆ ಹಕ್ಕಿನ ಜೊತೆಗೆ ಕರ್ತವ್ಯವನ್ನೂ ಹೊರಿಸಿತು. ತನ್ನ ವಲಯದಲ್ಲಿ ವರ್ಷಕ್ಕೆ ಎಷ್ಟು ಮೀನು ಹಿಡಿದರೆ ಸಂತತಿಗೆ ಧಕ್ಕೆಯಿಲ್ಲವೆಂದು ಪ್ರತಿ ದೇಶವೂ ನಿರ್ಧರಿಸಬೇಕು. ಅಷ್ಟನ್ನು ಹಿಡಿಯುವ ಸಾಮರ್ಥ್ಯ ತನಗಿಲ್ಲದಿದ್ದರೆ, ಉಳಿದ ಪಾಲನ್ನು ಒಪ್ಪಂದದ ಮೂಲಕ ಬೇರೆ ದೇಶಗಳಿಗೆ ಹಿಡಿಯಲು ಬಿಡಬೇಕು. ಈ ಉಳಿದ ಪಾಲೇ ‘ಹೆಚ್ಚುವರಿ’. ಕಾಗದದ ಮೇಲೆ ಇದು ಸರಳವಾದ ಕಳೆಯುವ ಲೆಕ್ಕ. ಹಿಡಿಯಬಹುದಾದ ಮೀನಿನಿಂದ ಊರಿನವರು ಹಿಡಿಯುವ ಮೀನನ್ನು ಕಳೆದರೆ ಉಳಿದದ್ದು ಹೆಚ್ಚುವರಿ. ಆದರೆ ಈ ಲೆಕ್ಕದ ಎರಡೂ ಅಂಕಿಗಳು ಸುಲಭವಾಗಿ ಸಿಗುವಂಥವಲ್ಲ. ನೀರಿನಡಿಯ ಮೀನನ್ನು ಅಂದಾಜಿಸಬೇಕೇ ಹೊರತು ಎಣಿಸಲಾಗದು. ಸಣ್ಣ ದೋಣಿಯವರು ಹಿಡಿದು ದಡದಲ್ಲೇ ಮಾರಿದ್ದು ಎಷ್ಟೋ ದೇಶಗಳಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಮೀನು ಕಾಗದದಲ್ಲಿ ‘ಉಳಿದ’ ಮೀನಾಗಿ ಕಾಣುತ್ತದೆ.

1991ರ ನೀತಿ, ಕರಾವಳಿಯ ಮುಷ್ಕರ

ಭಾರತದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ. ಆಳಸಮುದ್ರದಲ್ಲಿ ಹಿಡಿಯದೇ ಬಿಟ್ಟ ಮೀನು ಬೇಕಾದಷ್ಟಿದೆ, ಅದನ್ನು ಹಿಡಿಯುವ ಹಡಗಾಗಲಿ ತಂತ್ರಜ್ಞಾನವಾಗಲಿ ದೇಶದಲ್ಲಿಲ್ಲ ಎಂಬ ಅಭಿಪ್ರಾಯ ದೆಹಲಿಯಲ್ಲಿ ಬೇರೂರಿತ್ತು. ವಿದೇಶಿ ಹಡಗುಗಳನ್ನು ನಿಯಂತ್ರಿಸುವ ಕಾಯ್ದೆ 1981ರಲ್ಲಿ ಬಂತು. ಬಾಡಿಗೆ ಒಪ್ಪಂದದ ಮೇಲೆ ವಿದೇಶಿ ಹಡಗುಗಳು ಭಾರತದ ಕಡಲಿಗೆ ಬರತೊಡಗಿದ್ದೂ ಆ ದಶಕದಲ್ಲೇ. ವಿದೇಶಿ ವಿನಿಮಯದ ಬಿಕ್ಕಟ್ಟು ತಲೆದೋರಿದ 1991ರಲ್ಲಿ ಹೊಸ ಆಳಸಮುದ್ರ ಮೀನುಗಾರಿಕಾ ನೀತಿ ಜಾರಿಗೆ ಬಂತು. ಭಾರತೀಯ ಕಂಪನಿಗಳು ವಿದೇಶಿ ಕಂಪನಿಗಳೊಡನೆ ಸೇರಿ ಜಂಟಿ ಉದ್ಯಮ ನಡೆಸಲು, ವಿದೇಶಿ ಹಡಗುಗಳನ್ನು ಗುತ್ತಿಗೆಗೆ ತರಲು ಬಾಗಿಲು ತೆರೆಯಿತು.

ಅದೇ ವರ್ಷದ ಸರ್ಕಾರಿ ಅಂದಾಜಿನಂತೆ ದೇಶದ ವಲಯದಲ್ಲಿ ವರ್ಷಕ್ಕೆ ಹಿಡಿಯಬಹುದಾದ ಮೀನು ಸುಮಾರು 39 ಲಕ್ಷ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು 50 ಮೀಟರ್ ಆಳದೊಳಗಿನ, ಅಂದರೆ ದಡಕ್ಕೆ ಹತ್ತಿರದ ನೀರಿನದು. ಅಲ್ಲಿ ನಾಡದೋಣಿಗಳೂ ಯಾಂತ್ರಿಕ ದೋಣಿಗಳೂ ಆಗಲೇ ಕಿಕ್ಕಿರಿದಿದ್ದವು. ದೊಡ್ಡ ಹಡಗು ಆಳಸಮುದ್ರದಲ್ಲೇ ಇರುತ್ತದೆ, ದಡದತ್ತ ಬರುವುದಿಲ್ಲ ಎಂಬ ಮಾತನ್ನು ಮೀನುಗಾರರು ನಂಬಲಿಲ್ಲ. ಮೀನು ಗೆರೆ ನೋಡಿ ಈಜುವುದಿಲ್ಲ. ಮೀನಿನ ಹಿಂದೆ ಹೋಗುವ ಹಡಗೂ ಗೆರೆ ನೋಡಿ ನಿಲ್ಲುವುದಿಲ್ಲ ಎಂಬುದು ಅವರ ಆತಂಕ.

ರಾಷ್ಟ್ರೀಯ ಮೀನುಗಾರರ ವೇದಿಕೆ ಮುಂದೆ ನಿಂತು ಹೋರಾಟ ಕಟ್ಟಿತು. ಅದರ ಮುಖಂಡರಲ್ಲಿ ಒಬ್ಬರಾದ ಥಾಮಸ್ ಕೊಚೇರಿ ಕೇರಳದ ಪಾದ್ರಿ, ಕಾನೂನು ಓದಿದವರು. 1994ರ ಫೆಬ್ರವರಿ ಮತ್ತು ನವೆಂಬರ್‌ನಲ್ಲಿ ಕರಾವಳಿ ರಾಜ್ಯಗಳಲ್ಲಿ ಮೀನುಗಾರಿಕೆಯ ಮುಷ್ಕರಗಳು ನಡೆದವು. 1995ರಲ್ಲಿ ಕೊಚೇರಿಯವರು ಗುಜರಾತಿನ ಪೋರಬಂದರಿನಲ್ಲಿ ಉಪವಾಸ ಕುಳಿತರು. ವಿಶೇಷವೆಂದರೆ, ಸದಾ ಪರಸ್ಪರ ಜಗಳವಾಡುತ್ತಿದ್ದ ನಾಡದೋಣಿಯವರೂ ಯಾಂತ್ರಿಕ ದೋಣಿಗಳ ಮಾಲೀಕರೂ ಈ ಹೋರಾಟದಲ್ಲಿ ಒಂದಾದರು.

ಸಮಿತಿ ಹೇಳಿದ್ದೇನು?

ಒತ್ತಡಕ್ಕೆ ಮಣಿದ ಕೇಂದ್ರ ಸರ್ಕಾರ 1995ರಲ್ಲಿ ಪಿ. ಮುರಾರಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಮೀನುಗಾರರ ಪ್ರತಿನಿಧಿಗಳೂ ಸಂಸದರೂ ಸೇರಿ ಸಮಿತಿ ವಿಸ್ತಾರಗೊಂಡಿತು. 1996ರ ಫೆಬ್ರವರಿಯಲ್ಲಿ ಅದು ಸಲ್ಲಿಸಿದ ವರದಿಯಲ್ಲಿ 21 ಶಿಫಾರಸುಗಳಿದ್ದವು. ಜಂಟಿ ಉದ್ಯಮ, ಬಾಡಿಗೆ, ಗುತ್ತಿಗೆಯ ಪರವಾನಗಿಗಳನ್ನೆಲ್ಲ ಕಾನೂನು ಕ್ರಮಕ್ಕೆ ಒಳಪಟ್ಟು ರದ್ದು ಮಾಡಬೇಕು, ಮುಂದೆ ಅಂಥವನ್ನು ಕೊಡಬಾರದು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ನಾಡದೋಣಿಗಳು ಮತ್ತು 20 ಮೀಟರಿಗಿಂತ ಚಿಕ್ಕ ಯಾಂತ್ರಿಕ ದೋಣಿಗಳು ಈಗಾಗಲೇ ಹೋಗುತ್ತಿರುವ, ಸದ್ಯದಲ್ಲೇ ಹೋಗಬಹುದಾದ ಜಾಗಗಳಿಗೆ ದೊಡ್ಡ ಹಡಗುಗಳನ್ನು ಬಿಡಬಾರದೆಂದೂ ಅದು ಹೇಳಿತು. ಕೇಂದ್ರ ಸಂಪುಟ 1997ರಲ್ಲಿ ಶಿಫಾರಸುಗಳನ್ನು ಒಪ್ಪಿತು.

ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಶಿಫಾರಸೂ ಆ ವರದಿಯಲ್ಲಿತ್ತು. ಮೀನು ಹಿಡಿಯಲು ಕೊಡುವ ಪರವಾನಗಿಗಳು ಸಾರ್ವಜನಿಕ ದಾಖಲೆಗಳಾಗಬೇಕು, ಯಾರು ಬೇಕಾದರೂ ಕಚೇರಿಗೆ ಹೋಗಿ ಅವನ್ನು ನೋಡುವಂತಿರಬೇಕು ಎಂಬುದು. ಯಾವ ಹಡಗು, ಎಲ್ಲಿಯದು, ಎಷ್ಟು ಹಿಡಿಯಬಹುದು, ಎಷ್ಟು ಕಟ್ಟಿದೆ ಎಂದು ಕರಾವಳಿಯ ಮೀನುಗಾರನಿಗೆ ಗೊತ್ತಾದರೆ ತಾನೇ ಅವನು ಪ್ರಶ್ನೆ ಕೇಳುವುದು! ಮಾಹಿತಿ ಹಕ್ಕು ಕಾಯ್ದೆ ದೇಶಕ್ಕೆ ಬಂದದ್ದು 2005ರಲ್ಲಿ. ಅದಕ್ಕೂ ಒಂಬತ್ತು ವರ್ಷ ಮೊದಲು ಬಂದ ಮಾತು ಇದು.

ವಿವಾದ ಅಲ್ಲಿಗೇ ಮುಗಿಯಲಿಲ್ಲ. 2014ರಲ್ಲಿ ಆಳಸಮುದ್ರದ ಹಡಗುಗಳಿಗೆ ಅನುಮತಿ ಪತ್ರ ಕೊಡುವ ಹೊಸ ಮಾರ್ಗಸೂಚಿ ಬಂದಾಗ ಮೀನುಗಾರರು ಮತ್ತೆ ಎದ್ದರು. 2017ರಲ್ಲಿ ಆ ವ್ಯವಸ್ಥೆಯನ್ನು ಕೈಬಿಡಲಾಯಿತು. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿಶೇಷ ಆರ್ಥಿಕ ವಲಯದ ಮೀನುಗಾರಿಕೆಗೆ ನಿಯಮಗಳನ್ನು ಪ್ರಕಟಿಸಿತು. ಅವುಗಳಂತೆ ವಿದೇಶಿ ಹಡಗುಗಳಿಗೆ ಅವಕಾಶವಿಲ್ಲ. ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆಯಿದೆ. ಯಾಂತ್ರಿಕ ದೋಣಿಗಳು ಪ್ರವೇಶ ಪಾಸು ಪಡೆಯಬೇಕು. ಸಾಂಪ್ರದಾಯಿಕ ದೋಣಿಗಳಿಗೆ ಆ ಕಟ್ಟಳೆಯಿಲ್ಲ.

ಹಣ ಬಂತು, ಮೀನು ಹೋಯಿತು

ಭಾರತ ಮುಚ್ಚಿದ ಬಾಗಿಲನ್ನು ಆಫ್ರಿಕದ ಪಶ್ಚಿಮ ತೀರದ ದೇಶಗಳು ತೆರೆದಿಟ್ಟವು. ಅವುಗಳ ಅನುಭವ ತಿಳಿದರೆ ಇಲ್ಲಿನ ಮೀನುಗಾರರ ಆತಂಕ ಎಂಥದೆಂದು ಅರ್ಥವಾಗುತ್ತದೆ. ಸೆನೆಗಲ್ ಯುರೋಪಿನೊಡನೆ ಮೀನುಗಾರಿಕಾ ಒಪ್ಪಂದ ಮಾಡಿಕೊಂಡದ್ದು 1979ರಲ್ಲಿ. ಸಾಲದ ಹೊರೆಯಿದ್ದ ಸರ್ಕಾರಕ್ಕೆ ಅದು ಕುಳಿತಲ್ಲಿಗೇ ಬರುವ ಆದಾಯ. ಆದರೆ ಅಲ್ಲಿನ ಬಡವರ ತಟ್ಟೆಗೆ ಬೀಳುವುದು ಮೀನು, ಸಾವಿರಾರು ಕುಟುಂಬಗಳ ಹೊಟ್ಟೆ ಹೊರೆಯುವುದು ಉದ್ದನೆಯ ಮರದ ದೋಣಿಗಳು. ಹಣ ಖಜಾನೆಗೆ ಹೋಯಿತು, ನಷ್ಟ ದಡಕ್ಕೆ ಬಂತು. 2006ರಲ್ಲಿ ಮುಗಿದ ಒಪ್ಪಂದವನ್ನು ಸೆನೆಗಲ್ ಎಂಟು ವರ್ಷ ಮುಂದುವರಿಸಲಿಲ್ಲ. 2014ರಲ್ಲಿ ಮತ್ತೆ ಸಹಿ ಬಿದ್ದಾಗ ಒಪ್ಪಂದ ಚಿಕ್ಕದಾಗಿತ್ತು. ಟ್ಯೂನಾ ಮತ್ತು ಆಳದ ಹೇಕ್ ಮೀನು ಮಾತ್ರ ಯುರೋಪಿಗೆ. ಊರಿನವರು ತಿನ್ನುವ ಸಣ್ಣ ಮೀನಿಗೆ ಅವರು ಕೈಹಾಕುವಂತಿರಲಿಲ್ಲ. ಆ ಸರಣಿಯ ಕೊನೆಯ ಒಪ್ಪಂದ 2024ರ ನವೆಂಬರ್‌ನಲ್ಲಿ ಮುಗಿಯಿತು, ಆಗ ನವೀಕರಣವಾಗಲಿಲ್ಲ.

ನೆರೆಯ ಮಾರಿಟೇನಿಯಾ 2012ರಲ್ಲಿ ಬಿಗಿಯಾಗಿ ಚೌಕಾಸಿ ಮಾಡಿತು. ಬೆಲೆಬಾಳುವ ಅಷ್ಟಪದಿಯನ್ನು ಪೂರ್ತಿಯಾಗಿ ತನ್ನ ಮೀನುಗಾರರಿಗೇ ಉಳಿಸಿಕೊಂಡಿತು. ಸಣ್ಣ ಮೀನು ಹಿಡಿಯುವ ದೊಡ್ಡ ಹಡಗುಗಳನ್ನು ದಡದಿಂದ ಇನ್ನಷ್ಟು ದೂರ ಸರಿಸಿತು. ಅವು ಹಿಡಿದ ಮೀನಿನಲ್ಲಿ ನೂರಕ್ಕೆ ಎರಡು ಪಾಲನ್ನು ಬಡವರಿಗೆ ಹಂಚಲು ಕೊಡಬೇಕೆಂದು ಷರತ್ತು ಹಾಕಿತು. 2021ರಲ್ಲಿ ಆದ ಒಪ್ಪಂದದಲ್ಲಿ ಯುರೋಪು ವರ್ಷಕ್ಕೆ 5 ಕೋಟಿ 75 ಲಕ್ಷ ಯೂರೋ ಕೊಡಲು ಒಪ್ಪಿತು.

ಯುರೋಪು ಕೂಡ ತನ್ನ ನಿಯಮ ತಿದ್ದಿಕೊಂಡಿತು. 2013ರ ಸುಧಾರಣೆಯಲ್ಲಿ, ತನ್ನ ಹಡಗುಗಳು ಬೇರೆ ದೇಶದ ವಲಯದಲ್ಲಿ ಹೆಚ್ಚುವರಿ ಮೀನನ್ನು ಮಾತ್ರ ಹಿಡಿಯಬೇಕು, ಆ ಹೆಚ್ಚುವರಿಯನ್ನು ವಿಜ್ಞಾನದ ಆಧಾರದಲ್ಲಿ ಗುರುತಿಸಬೇಕು ಎಂದು ಬರೆದುಕೊಂಡಿತು. ಮಾತು ಒಳ್ಳೆಯದೇ. ಆದರೆ ಒಂದೇ ಹಿಂಡು ಮೂರು ನಾಲ್ಕು ದೇಶಗಳ ತೀರ ಸುತ್ತುವಾಗ, ಒಂದೊಂದು ದೇಶವೂ ಬೇರೆ ಬೇರೆ ಹಡಗುಗಳಿಗೆ ಬೇರೆ ಬೇರೆ ಪರವಾನಗಿ ಕೊಡುವಾಗ, ಒಟ್ಟು ಎಷ್ಟು ಉಳಿಯಿತೆಂದು ಹೇಳುವವರು ಯಾರು? ಪಶ್ಚಿಮ ಆಫ್ರಿಕದ ತೀರದಲ್ಲಿ ಬೂತಾಯಿಯ ಬಳಗಕ್ಕೆ ಸೇರಿದ ಮೀನು ಅತಿಯಾಗಿ ಹಿಡಿಯಲ್ಪಟ್ಟಿದೆಯೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು ಎಚ್ಚರಿಸುತ್ತ ಬಂದಿದ್ದಾರೆ.

ಇನ್ನೊಂದು ಅಸಮತೆಯೂ ಇದೆ. ಯುರೋಪಿನ ಹಡಗು ದೂರದ ಕಡಲಿಗೆ ಬರುವಾಗ ಪ್ರವೇಶದ ಹಣದ ದೊಡ್ಡ ಪಾಲನ್ನು ಅದರ ಸಾರ್ವಜನಿಕ ಖಜಾನೆಯೇ ಕಟ್ಟುತ್ತ ಬಂದಿದೆ. ಮೀನುಗಾರಿಕೆಯ ಸಹಾಯಧನಕ್ಕೆ ಕಡಿವಾಣ ಹಾಕುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂಗೀಕಾರ ಸಿಕ್ಕಿತು; ಅದು 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಆ ಮಾತುಕತೆಗಳಲ್ಲಿ ಭಾರತ ಹಿಡಿದ ಪಟ್ಟು ಹೀಗಿತ್ತು: ದೂರದ ಕಡಲಿನಲ್ಲಿ ಮೀನು ಹಿಡಿಯುವ ದೇಶಗಳು ಅಂಥ ಸಹಾಯಧನವನ್ನು 25 ವರ್ಷ ನಿಲ್ಲಿಸಲಿ, ಬಡ ಮೀನುಗಾರರಿರುವ ದೇಶಗಳಿಗೆ ಹೊಂದಿಕೊಳ್ಳಲು ಸಮಯ ಸಿಗಲಿ.

ಎಂಟು ದ್ವೀಪ ದೇಶಗಳ ಒಗ್ಗಟ್ಟು

ಗೆದ್ದವರೂ ಇದ್ದಾರೆ. ಶಾಂತಸಾಗರದ ನೌರು, ಕಿರಿಬಾಟಿ, ತುವಾಲು, ಪಲಾವ್, ಮಾರ್ಷಲ್ ದ್ವೀಪಗಳು, ಮೈಕ್ರೊನೇಷ್ಯಾ, ಸೊಲೊಮನ್ ದ್ವೀಪಗಳು, ಪಾಪುವಾ ನ್ಯೂಗಿನಿ ಎಂಬ ಎಂಟು ದೇಶಗಳು ಒಂದು ಒಪ್ಪಂದಕ್ಕೆ ಬಂದವು. ಇವುಗಳಲ್ಲಿ ಕೆಲವಕ್ಕೆ ವಿಜಯನಗರದಷ್ಟೂ ಜನಸಂಖ್ಯೆಯಿಲ್ಲ. ಆದರೆ ಜಗತ್ತಿನ ಟ್ಯೂನಾ ಮೀನಿನ ದೊಡ್ಡ ಪಾಲು ಇವರ ನೀರಿನಲ್ಲಿದೆ. ಒಬ್ಬೊಬ್ಬರೇ ಮಾತಿಗೆ ಕುಳಿತರೆ ದೊಡ್ಡ ದೇಶಗಳ ಕಂಪನಿಗಳು ‘ನೀವು ಕೊಡದಿದ್ದರೆ ಪಕ್ಕದವರು ಕೊಡುತ್ತಾರೆ’ ಎಂದು ಬೆಲೆ ಇಳಿಸುತ್ತಿದ್ದವು. ಎಂಟೂ ದೇಶಗಳು ಒಟ್ಟಾಗಿ ಕುಳಿತ ಮೇಲೆ ಆ ಆಟ ನಡೆಯಲಿಲ್ಲ.

2007ರಿಂದ ಅವು ಹೊಸ ಪದ್ಧತಿಯೊಂದನ್ನು ಜಾರಿಗೆ ತಂದವು. ಮೀನನ್ನು ಟನ್ನಿನ ಲೆಕ್ಕದಲ್ಲಿ ಮಾರುವ ಬದಲು ದಿನದ ಲೆಕ್ಕದಲ್ಲಿ ಕಡಲನ್ನು ಬಾಡಿಗೆಗೆ ಕೊಡುವುದು. ಎಲ್ಲ ಹಡಗುಗಳಿಗೂ ಸೇರಿ ವರ್ಷಕ್ಕೆ ಇಂತಿಷ್ಟೇ ದಿನ ಎಂದು ಮಿತಿ. ಆ ದಿನಗಳನ್ನು ದೇಶಗಳು ಹಂಚಿಕೊಂಡು ಮಾರುತ್ತವೆ. 2015ರಿಂದ ಒಂದು ಹಡಗಿನ ಒಂದು ದಿನಕ್ಕೆ ಕನಿಷ್ಠ 8,000 ಡಾಲರ್. ಹಿಡಿದ ಮೀನಿನ ತೂಕದಲ್ಲಿ ಸುಳ್ಳು ಹೇಳಬಹುದು. ಹಡಗು ಎಷ್ಟು ದಿನ ಅಲ್ಲಿತ್ತೆಂಬುದನ್ನು ಉಪಗ್ರಹ ನೋಡುತ್ತದೆ. ಎಣಿಸಲಾಗದ ಮೀನಿನ ಬದಲು ಎಣಿಸಬಹುದಾದ ದಿನವನ್ನು ಮಾರಿದ್ದೇ ಅವರ ಜಾಣತನ. 2010ರಲ್ಲಿ ಸುಮಾರು 6 ಕೋಟಿ ಡಾಲರ್ ಇದ್ದ ಈ ದೇಶಗಳ ಆದಾಯ ಒಂದು ದಶಕದಲ್ಲಿ ಸುಮಾರು 50 ಕೋಟಿ ಡಾಲರಿಗೆ ಏರಿತು. ಅವರ ಮುಖ್ಯ ಟ್ಯೂನಾ ಸಂತತಿಯೂ ಕುಸಿಯಲಿಲ್ಲ.

ಮನೆಯೊಳಗಿನ ಲೆಕ್ಕ

ಹಾಗಾದರೆ ವಿದೇಶಿ ಹಡಗು ಬರದಿದ್ದರೆ ಕಡಲು ಸುರಕ್ಷಿತವೇ? ಕರ್ನಾಟಕದ ಕರಾವಳಿಯ ಇತಿಹಾಸ ಹಾಗೆ ಹೇಳುವುದಿಲ್ಲ. ಒಂದು ಕಾಲಕ್ಕೆ ಇಲ್ಲಿ ರಂಪಣಿಯದೇ ಆಳ್ವಿಕೆ. ದೋಣಿಯಲ್ಲಿ ಅರ್ಧಚಂದ್ರಾಕಾರವಾಗಿ ಬಲೆ ಬಿಟ್ಟು, ದಡದಲ್ಲಿ ನಿಂತ ಹತ್ತಾರು ಜನ ಒಟ್ಟಾಗಿ ಎಳೆಯುತ್ತಿದ್ದರು. ಸಿಕ್ಕ ಬಂಗುಡೆ, ಬೂತಾಯಿಯಲ್ಲಿ ಎಲ್ಲರಿಗೂ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬಲೆ ಬಂತು. ಹಿಂಡು ದಡಕ್ಕೆ ಬರುವ ಮೊದಲೇ ಅದನ್ನು ಕಡಲಿನಲ್ಲೇ ಸುತ್ತುಗಟ್ಟಿ ಎತ್ತುವ ಬಲೆ ಅದು. ರಂಪಣಿಯವರಿಗೂ ಪರ್ಸಿನ್‌ನವರಿಗೂ ಘರ್ಷಣೆಗಳಾದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮರೆಯಾಯಿತು. ಎಷ್ಟೋ ರಂಪಣಿ ತಂಡಗಳೇ ಒಟ್ಟುಗೂಡಿ ಪರ್ಸಿನ್ ದೋಣಿ ಕೊಂಡವು. ಅಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಒಂದೇ ಊರಿನ, ಒಂದೇ ಸಮುದಾಯದ ಜನ ಎರಡು ಪಾಳಯವಾಗಿದ್ದರು.

ಇದೇ ಅನುಭವದಿಂದ ಕಾಯ್ದೆಯೂ ಹುಟ್ಟಿತು. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ದಡದ ಹತ್ತಿರದ ನೀರನ್ನು ನಾಡದೋಣಿಗಳಿಗೆ ಮೀಸಲಿಟ್ಟು, ದೊಡ್ಡ ದೋಣಿಗಳನ್ನು ಅದರಾಚೆಗೆ ಕಳಿಸುವ ವ್ಯವಸ್ಥೆ ಬಂತು. ಮೀನು ಮರಿಹಾಕುವ ಮಳೆಗಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನ ಬೆಂಗಳೂರಿನ ಅಂಗಡಿಗಳಲ್ಲಿ ಮೀನಿನ ಬೆಲೆ ಏರುವುದಕ್ಕೆ ಇದೂ ಒಂದು ಕಾರಣ. ಏರಿದ ಆ ಬೆಲೆ ಮುಂದಿನ ವರ್ಷದ ಮೀನಿಗೆ ಕಟ್ಟುವ ಮುಂಗಡವೆಂದೇ ತಿಳಿಯಬೇಕು.

ಮಲ್ಪೆಯ ದೋಣಿಗಳು ಈಗ ಬಹಳ ದೂರ ಹೋಗುತ್ತವೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಏಳು ಮೀನುಗಾರರೊಂದಿಗೆ ಕಣ್ಮರೆಯಾದಾಗ, ಅದರ ಅವಶೇಷ 2019ರ ಮೇ ತಿಂಗಳಲ್ಲಿ ಪತ್ತೆಯಾದದ್ದು ಮಹಾರಾಷ್ಟ್ರದ ಮಾಲ್ವಣ್ ತೀರದಾಚೆ. ಗೋವಾ, ಮಹಾರಾಷ್ಟ್ರದ ಸಣ್ಣ ಮೀನುಗಾರರಿಗೆ ಕರ್ನಾಟಕದ ಟ್ರಾಲರ್‌ಗಳೇ ಹೊರಗಿನ ಹಡಗುಗಳು. ಎರಡು ದೋಣಿಗಳು ಒಂದೇ ಬಲೆಯನ್ನು ಎಳೆಯುವ ಬುಲ್ ಟ್ರಾಲ್ ಮತ್ತು ಪ್ರಖರ ದೀಪ ಹಾಕಿ ಮೀನನ್ನು ಸೆಳೆಯುವ ಬೆಳಕು ಮೀನುಗಾರಿಕೆಯ ವಿರುದ್ಧ ಅಲ್ಲಿಂದ ಬಂದ ದೂರುಗಳು 1994ರಲ್ಲಿ ಇಲ್ಲಿನವರು ಎತ್ತಿದ್ದ ದೂರುಗಳನ್ನೇ ಹೋಲುತ್ತವೆ. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ಈ ಎರಡೂ ವಿಧಾನಗಳನ್ನು ವಿಶೇಷ ಆರ್ಥಿಕ ವಲಯದಲ್ಲಿ ನಿಷೇಧಿಸಿತು. ಶ್ರೀಮಂತ ದೇಶದಿಂದ ನ್ಯಾಯ ಕೇಳುವವರು ನೆರೆಯ ನಾಡದೋಣಿಯವನಿಗೂ ಅದೇ ನ್ಯಾಯ ಕೊಡಬೇಕಾಗುತ್ತದೆ. ಇಲ್ಲದಿದ್ದರೆ ಕೇಳುವ ಬಾಯಿಗೆ ಬಲವಿರುವುದಿಲ್ಲ.

ಎಣಿಸುವವರು ಬೇಕು

ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 4 ಸಾವಿರ ಟನ್ನಿಗೂ ಕಡಿಮೆ. ಹವಾಮಾನದ ಏರುಪೇರು, ಮರಿಮೀನುಗಳನ್ನು ಹಿಡಿಯುವುದು, ಹೀಗೆ ಕಾರಣಗಳು ಹಲವು. 2012ರ ಅಂಕಿ ನೋಡಿ ಯಾರಾದರೂ ಹತ್ತು ವರ್ಷಕ್ಕೆ ‘ಹೆಚ್ಚುವರಿ’ ಮಾರಿದ್ದರೆ ಏನಾಗುತ್ತಿತ್ತು? ದೇಶದ ಒಟ್ಟು ಅಂದಾಜೂ ಹಾಗೆಯೇ ಬದಲಾಗುತ್ತ ಬಂದಿದೆ. 1991ರ 39 ಲಕ್ಷ ಟನ್ 2018ರ ವೇಳೆಗೆ 53 ಲಕ್ಷ ಟನ್ ಆಯಿತು. ಹಾಗಾಗಿ ಒಳ್ಳೆಯ ಒಪ್ಪಂದದಲ್ಲಿ ಅವಧಿ ಚಿಕ್ಕದಿರಬೇಕು, ಪ್ರತಿ ವರ್ಷ ಲೆಕ್ಕ ತಿದ್ದುವ ಅವಕಾಶವಿರಬೇಕು, ಮೀನು ಕಡಿಮೆಯಾದ ವರ್ಷ ಮೊದಲು ದಡಕ್ಕೆ ಮರಳಬೇಕಾದವರು ಹೊರಗಿನವರಾಗಿರಬೇಕು.

ಈ ಅಂಕಿಗಳು ಆಕಾಶದಿಂದ ಬೀಳುವುದಿಲ್ಲ. 1947ರಲ್ಲಿ ಆರಂಭವಾಗಿ ಈಗ ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ಬಂದರು ಬಂದರಿಗೆ ಹೋಗಿ, ಆಯ್ದ ದಿನಗಳಲ್ಲಿ ಆಯ್ದ ದೋಣಿಗಳು ಇಳಿಸಿದ ಮೀನನ್ನು ಜಾತಿವಾರು ಬರೆದುಕೊಂಡು, ಸಂಖ್ಯಾಶಾಸ್ತ್ರದ ಸೂತ್ರಗಳಿಂದ ಇಡೀ ಕರಾವಳಿಯ ಲೆಕ್ಕ ಕಟ್ಟುತ್ತಾರೆ. ಮಂಗಳೂರಿನಲ್ಲೂ ಅದರ ಕೇಂದ್ರವಿದೆ. ಪಿಯುಸಿಯಲ್ಲಿ ‘ಸಂಖ್ಯಾಶಾಸ್ತ್ರ ಓದಿದರೆ ಏನು ಉಪಯೋಗ’ ಎಂದು ಕೇಳುವ ಮಕ್ಕಳಿಗೆ ಇದೊಂದು ಉತ್ತರ.

ಕಡಲು ಬೆಂಗಳೂರಿನಿಂದ ಸುಮಾರು 350 ಕಿಲೋಮೀಟರ್ ದೂರ. ಆದರೆ ಕಡಲಿನ ಹಕ್ಕನ್ನು ಕಾಯುವ ವಿದ್ಯೆ ಅಷ್ಟು ದೂರವಿಲ್ಲ. ಮೀನಿನ ಜೀವಶಾಸ್ತ್ರ ಕಲಿಯಬೇಕೆನ್ನುವವರಿಗೆ 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿದೆ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಅಲ್ಲಿ ನಾಲ್ಕು ವರ್ಷದ ಪದವಿಗೆ ಸೇರಬಹುದು. ಒಪ್ಪಂದದ ಭಾಷೆ ಕಲಿಯಬೇಕೆನ್ನುವವರಿಗೆ ವಿಜಯನಗರದ ಪಕ್ಕದಲ್ಲೇ, ನಾಗರಬಾವಿಯಲ್ಲಿ, 1986ರ ಕಾಯ್ದೆಯಡಿ ಸ್ಥಾಪನೆಯಾದ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಬೇಕೆನ್ನುವವರಿಗೆ ಅದೇ ನಾಗರಬಾವಿಯಲ್ಲಿ, ಡಾ. ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಿದೆ. ವೈದ್ಯಕೀಯ, ಎಂಜಿನಿಯರಿಂಗ್ ಎರಡನ್ನೇ ಮುಂದಿಟ್ಟುಕೊಂಡು ಕೂರುವ ತಂದೆತಾಯಿಗಳು ಈ ದಾರಿಗಳನ್ನೂ ಒಮ್ಮೆ ನೋಡಬಹುದು.

ಸಣ್ಣ ದ್ವೀಪ ದೇಶಗಳು ದೊಡ್ಡ ಹಡಗುಗಳ ಒಡೆಯರನ್ನು ಮಣಿಸಿದ್ದು ಸೈನ್ಯದಿಂದಲ್ಲ. ತಮ್ಮ ಕಡಲಿನ ಲೆಕ್ಕ ತಮಗೆ ಗೊತ್ತಿತ್ತು, ಪಕ್ಕದವರೊಡನೆ ಒಗ್ಗಟ್ಟಿತ್ತು. ಆ ಲೆಕ್ಕವನ್ನು ಕಲಿತವರು ಮಾತುಕತೆಯ ಮೇಜಿನ ಈ ಬದಿಯಲ್ಲೂ ಕುಳಿತಿದ್ದರೆ ‘ಹೆಚ್ಚುವರಿ’ ಎಂಬ ಪದವನ್ನು ಯಾರೂ ಸುಲಭವಾಗಿ ಉಚ್ಚರಿಸಲಾರರು. ಮಲ್ಪೆಯ ಧಕ್ಕೆಯಲ್ಲಿ ನಿಂತು ಬುಟ್ಟಿ ಎಣಿಸುವವರ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ, ಜಿನೀವಾದಲ್ಲಿ ವಾದಿಸುವವರ ಬಾಯಿ ಕಟ್ಟಿದಂತೆ.